ಮೊದಲೆರಡು ಚರೆ, ಉಳಿದದ್ದು ಗುಂಡು

ಜನವರಿ 9, ಗುರುವಾರ

ಕಳ್ಳ ಬಂದ, ಕದ್ದುಕೊಂಡು ಹೋದ, ಸರಿ. ಅದು ಅವನ ಕಸುಬು. ಆದರೆ ಕೂತು ಊಟ ಮಾಡಿಕೊಂಡು ಹೋಗುವುದೆಂದರೇನು?

ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ನಾವು ಮುದುಕಿಯರೆಲ್ಲ ಸೇರಿ ಮಾರಾಟಕ್ಕೆ ಪಿರೋಗಿ ಮಾಡುವ ದಿನ. ಪಾಲೀನ್ ಹಿಟ್ಟು ಲಟ್ಟಿಸುತ್ತಾಳೆ, ನಾನು ಆಲೂಗಡ್ಡೆ ಹೂರಣ ಇಟ್ಟು ಅಂಚು ಒತ್ತುತ್ತೇನೆ. ಮಧ್ಯಾಹ್ನ ಮನೆಗೆ ಬಂದರೆ ಹಿಂಬಾಗಿಲು ಹಾರು ಹೊಡೆದಿದೆ. ಟಿವಿ ಇಲ್ಲ. ನನ್ನ ಗಂಡ ಎಮಿಲ್ ಜಿಂಕೆ ಬೇಟೆಗೆ ಒಯ್ಯುತ್ತಿದ್ದ ಎರಡು ಬಂದೂಕೂ ಇಲ್ಲ. ನಿನ್ನೆ ಕೋಸಿನೆಲೆಯಲ್ಲಿ ಮಾಂಸ, ಅನ್ನ ಸುತ್ತಿ ಬೇಯಿಸಿಟ್ಟ ಹಲುಪ್ಕಿಯ ಪಾತ್ರೆ ಫ್ರಿಜ್ಜಿನಿಂದ ಮೇಜಿಗೆ ಬಂದಿದೆ. ಎಮಿಲ್‌ನ ಕುರ್ಚಿ ಹಿಂದಕ್ಕೆ ಸರಿದಿದೆ. ತಿಂದ ಫೋರ್ಕನ್ನು ಮನೆಯವರ ಹಾಗೆ ಸಿಂಕಿನಲ್ಲಿ ಹಾಕಿ ಹೋಗಿದ್ದಾರೆ. ಎಮಿಲ್ ಸತ್ತ ಮೇಲೆ ಆ ಕುರ್ಚಿಯಲ್ಲಿ ನಾನೂ ಕೂತಿರಲಿಲ್ಲ.

ಪೊಲೀಸಿನವನು ಬಂದು ಬೀಗವನ್ನು ನೋಡಿ, "ಇದನ್ನ ನಮ್ಮಜ್ಜಿ ಹೇರ್‌ಪಿನ್ನಲ್ಲಿ ತೆಗೀತಾಳೆ," ಅಂದ. "ಹಾಗಾದ್ರೆ ಮೊದಲು ಅವಳನ್ನ ವಿಚಾರಿಸಪ್ಪ," ಅಂದೆ. ನಗಲಿಲ್ಲ.

ಪಕ್ಕದ ಯನೇಲಿಸ್ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಓಡಿಬಂದಳು. "ಡೋನ್ಯಾ ಫ್ಲೋ, ನಂಗೆ ಸದ್ದು ಕೇಳಿಸ್ತು. ಕುರ್ಚಿ ಎಳೆದ ಹಾಗೆ. ನೀವೇ ಅಂದ್ಕೊಂಡೆ," ಅಂತ ಅತ್ತಳು. ಅವರ ಭಾಷೆಯಲ್ಲಿ ಹಿರಿಯ ಹೆಂಗಸರನ್ನು ಡೋನ್ಯಾ ಅನ್ನುತ್ತಾರೆ. ಅವಳೇನು ಮಾಡಿಯಾಳು ಪಾಪ. ಈ ಊರಿನ ಮನೆಗಳೇ ಹಾಗೆ. ಕಲ್ಲಿದ್ದಲ ಕಂಪನಿಯವರು ಗಣಿಯಾಳುಗಳಿಗೆಂದು ಕಟ್ಟಿಸಿದ್ದು. ಒಂದೇ ಸೂರು, ನಡುವೆ ಒಂದು ಗೋಡೆ, ಆ ಕಡೆ ಒಂದು ಸಂಸಾರ, ಈ ಕಡೆ ಒಂದು. ಗೋಡೆಯೆಂದರೆ ತೆಳು ಮರದ ಪಟ್ಟಿಯ ಮೇಲೆ ಮೆತ್ತಿದ ಗಾರೆ, ಅಷ್ಟೇ. ಆಚೆ ಸೀನಿದರೆ ಈಚೆಯಿಂದ ಹರಸಬಹುದು.

ಸಂಜೆ ತನಕ ಕೂತಿದ್ದು ಹೋದಳು. ನಾನು ಆ ಪಾತ್ರೆಯನ್ನು ಕುದಿನೀರಿನಲ್ಲಿ ಮೂರು ಸಲ ತೊಳೆದು ಕೊನೆಗೆ ಕಸಕ್ಕೆ ಹಾಕಿದೆ.

ಜನವರಿ 12, ಭಾನುವಾರ

ಎಮಿಲ್‌ನ ತಮ್ಮ ಯೂರ್ಕೊ ಬಂದು ಹೊಸ ಬೀಗ ಹಾಕಿದ. ಮಹಡಿಯ ಮೇಲಿನ ಡ್ರಾಯರಿನಲ್ಲಿ, ಉಣ್ಣೆಯ ಕಾಲುಚೀಲದೊಳಗೆ ಎಮಿಲ್‌ನ ರಿವಾಲ್ವರ್ ಹಾಗೇ ಇತ್ತು.

"ಇದನ್ನ ಬಿಟ್ಟು ಹೋಗಿದ್ದಾರಲ್ಲ, ದಡ್ಡ ಮುಂಡೇವು," ಅಂದ.

"ನಿಮ್ಮಣ್ಣನ ಕಾಲುಚೀಲಕ್ಕೆ ಕೈ ಹಾಕೋ ಧೈರ್ಯ ಕಳ್ಳರಿಗೂ ಬರಲ್ಲ," ಅಂದೆ.

ಜೇಬಿನಿಂದ ಒಂದು ಹಿಡಿ ಗುಂಡು ತೆಗೆದು ಮೇಜಿನ ಮೇಲಿಟ್ಟ. ಮ್ಯಾಗ್ನಂ ಅಂತೆ, ಮದ್ದು ಜಾಸ್ತಿ ತುಂಬಿದ್ದು. ನನ್ನ ಕಿರುಬೆರಳಿನಷ್ಟು ಉದ್ದ. "ಒಂದೇಟಿಗೆ ಕರಡಿ ಮಲಗುತ್ತೆ, ಫ್ಲೋ."

"ಕರಡಿ ಮಲಗಿದ ಮೇಲೆ ಗುಂಡು ಎಲ್ಲಿಗೆ ಹೋಗುತ್ತೆ?"

"ಮುಂದಕ್ಕೆ."

"ಮುಂದೆ ಏನಿದೆ ನೋಡು," ಅಂತ ಗೋಡೆ ತೋರಿಸಿದೆ. ಅದರಾಚೆ ಯನೇಲಿಸ್ ಮಗುವಿನ ತೊಟ್ಟಿಲಿದೆ. ಅಲ್ಲಿಡು ಅಂತ ನಾನೇ ಹೇಳಿದ್ದು. ನನ್ನ ಕಲ್ಲಿದ್ದಲ ಒಲೆಯ ಹೊಗೆಗೂಡು ಆ ಗೋಡೆಯೊಳಗೇ ಏರುತ್ತದೆ, ಅವರ ಕಡೆಯೂ ಗೋಡೆ ಬೆಚ್ಚಗಿರುತ್ತದೆ. ಡೊಮಿನಿಕನ್ ರಿಪಬ್ಲಿಕ್ಕಿನ ಬಿಸಿಲಿನಿಂದ ಬಂದವರು, ಚಳಿ ತಡೆಯುವುದಿಲ್ಲ. ಕೂಸಿಗಂತೂ ಇದು ಮೊದಲ ಚಳಿಗಾಲ.

ಮ್ಯಾಗ್ನಂ ಬೇಡವೇ ಬೇಡ ಅಂದೆ. ಮನುಷ್ಯರ ನಡುವೆ ಬದುಕುವವರಿಗಾಗಿ ಮಾಡಿದ ಗುಂಡು ಎಲ್ಲೋ ಇರಲೇಬೇಕು.

ಜನವರಿ 18, ಶನಿವಾರ

ಬಂದೂಕಿನಂಗಡಿಗೆ ಹೋಗಿದ್ದೆ. ಅಂಗಡಿಯ ಫೆಟ್ಜರ್ ಒಂದೊಂದಾಗಿ ಡಬ್ಬಿ ತೆಗೆದಿಟ್ಟ. ಮೊಂಡು ಮೂತಿಯದು, ಮೂತಿಯಲ್ಲಿ ಕುಳಿಯಿರುವುದು, ಭಾರದ್ದು, ಹಗುರದ್ದು.

"ಇಷ್ಟು ಜಾತಿನಾ? ನಮ್ಮ ಪಿರೋಗಿಯಲ್ಲೂ ಇಷ್ಟಿಲ್ಲ," ಅಂದೆ.

"ಪಿರೋಗಿ ತಪ್ಪಾದ್ರೆ ಹೊಟ್ಟೆ ಕೆಡುತ್ತೆ ಅಷ್ಟೇ, ಮೇಡಂ. ಪಕ್ಕದಲ್ಲಿ ಯಾರಿದ್ದಾರೆ?"

"ಎಂಟು ತಿಂಗಳ ಹೆಣ್ಣು ಕೂಸು."

ಅವನು ಅರ್ಧದಷ್ಟು ಡಬ್ಬಿಗಳನ್ನು ವಾಪಸ್ಸಿಟ್ಟ. ಕುಳಿಮೂತಿ ಗುಂಡು ಮೈಗೆ ತಾಗಿದರೆ ಅರಳಿ ನಿಲ್ಲುತ್ತದಂತೆ, ಆದರೆ ಗುರಿ ತಪ್ಪಿ ಗಾರೆಗೆ ತಾಗಿದರೆ ಕುಳಿಯಲ್ಲಿ ಪುಡಿ ತುಂಬಿ ಸಾದಾ ಗುಂಡಿನ ಹಾಗೇ ತೂರಿ ಹೋಗುತ್ತದಂತೆ. ಕೊನೆಗೆ ಒಂದು ಪುಟ್ಟ ಡಬ್ಬಿ ತೋರಿಸಿದ. ಒಳಗೆ ಸಾಸಿವೆಯಂಥ ಚರೆ ತುಂಬಿದ ಗುಂಡು, ಹಾವು ಹೊಡೆಯಲು.

"ಇದು ಗೋಡೆ ದಾಟಲ್ಲ. ಆದ್ರೆ ಮನುಷ್ಯನನ್ನ ನಿಲ್ಲಿಸೋದೂ ಇಲ್ಲ, ಕೆರಳಿಸುತ್ತೆ. ಸುಳ್ಳು ಹೇಳಿ ಮಾರಲ್ಲ ನಾನು."

"ಹಾಗಾದ್ರೆ ಯಾವುದು ಸರಿ?"

"ಗೋಡೆ ದಾಟದೆ ಮನುಷ್ಯನನ್ನ ನಿಲ್ಲಿಸೋದು ಇನ್ನೂ ಯಾರೂ ಮಾಡಿಲ್ಲ, ಮೇಡಂ. ಒಳ್ಳೆ ಬಾಗಿಲು ಹಾಕಿಸಿ. ನಾಯಿ ಸಾಕಿ."

ನಾಯಿಯ ಹಿಂದೆ ಈ ವಯಸ್ಸಿನಲ್ಲಿ ಯಾರು ಓಡಾಡುತ್ತಾರೆ? ಚರೆಯದೂ ಹಗುರ ಕುಳಿಮೂತಿಯದೂ ಒಂದೊಂದು ಡಬ್ಬಿ ತಂದೆ.

ಜನವರಿ 25, ಶನಿವಾರ

ಯೂರ್ಕೊನ ಹಿತ್ತಿಲಿನಲ್ಲಿ ಪರೀಕ್ಷೆ. ಯಾವುದೋ ಕೆಡವಿದ ಮನೆಯ ಗಾರೆಹಲಗೆಗಳನ್ನು ತಂದು ಒಂದರ ಹಿಂದೆ ಒಂದು ನಿಲ್ಲಿಸಿದ್ದ. ಕುಳಿಮೂತಿ ಗುಂಡು ಎಲ್ಲವನ್ನೂ ತೂರಿ ಹಿಂದಿದ್ದ ಸೌದೆಯಲ್ಲಿ ಹೂತಿತು. ಚರೆ ಮೊದಲ ಹಲಗೆಯನ್ನು ಚಿಂದಿ ಮಾಡಿ ಎರಡನೆಯದರ ಮೇಲೆ ಸಿಡುಬಿನ ಕಲೆಯಷ್ಟೇ ಬಿಟ್ಟಿತು. ನನಗೆ ಎಷ್ಟೋ ಸಮಾಧಾನವಾಯಿತು.

ಯೂರ್ಕೊ ಕೇಳಬೇಕಲ್ಲ. "ಚರೆ ಒಂದನ್ನೇ ನೆಚ್ಕೊಂಡ್ರೆ ಕಳ್ಳ ನಿನ್ನ ರಿವಾಲ್ವರ್ ಕಿತ್ಕೊಂಡು ನಿನಗೇ ಹೊಡೀತಾನೆ. ಮೊದಲೆರಡು ಚರೆ ಹಾಕು, ಆಮೇಲೆ ಮೂರು ಗುಂಡು. ಹೆದರಿ ಓಡಿದ್ರೆ ಸರಿ. ಓಡ್ಲಿಲ್ಲ ಅಂದ್ರೆ ಅವನ ಹಣೆಬರಹ."

ಗುಂಡು ತುಂಬುವ ಉರುಳೆಯಲ್ಲಿ ಆರು ಮನೆ, ಗುಂಡಿಗೆ ಬಡಿಯುವ ಕುದುರೆಯ ಕೆಳಗಿನ ಮನೆ ಖಾಲಿ ಬಿಡಬೇಕು, ಕೈತಪ್ಪಿ ಬಿದ್ದರೆ ಸಿಡಿಯದಿರಲಿ ಅಂತ, ಅದು ಅವರಪ್ಪನ ಕಾಲದ ಪದ್ಧತಿ. ಅದರ ಎಡಕ್ಕೆ ಎರಡು ಚರೆ, ಮಿಕ್ಕಲ್ಲಿ ಗುಂಡು. ತನ್ನ ರಿವಾಲ್ವರನ್ನೇ ತೆಗೆದು ಉರುಳೆ ತಿರುಗಿಸಿ ತೋರಿಸಿದ, ಎಡಗಡೆಯದೇ ಮೊದಲು ಬರುತ್ತದೆ ಅಂತ. ನಾನು ಮನೆಗೆ ಬಂದು ಹಾಗೆಯೇ ತುಂಬಿದೆ. ಮೊದಲೆರಡು ಕೂಸಿಗಾಗಿ, ಉಳಿದದ್ದು ನನಗಾಗಿ.

ಫೆಬ್ರುವರಿ 3, ಸೋಮವಾರ

ಡ್ರಾಯರಿನಲ್ಲಿಟ್ಟರೆ ಏನು ಪ್ರಯೋಜನ, ಕಳ್ಳ ಬಂದಾಗ ಮೆಟ್ಟಿಲು ಹತ್ತುತ್ತ ಕೂರಲೇ? ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡೆ. ಭಾರಕ್ಕೆ ಒಂದು ಕಡೆ ಜೋಲುತ್ತದೆ. ಆದರೂ ಹಾಯೆನಿಸಿತು.

ಫೆಬ್ರುವರಿ 13, ಗುರುವಾರ

ಪಿರೋಗಿ ಒತ್ತುವಾಗ ಪಾಲೀನ್ ಬಾಯಿ ಬಿಟ್ಟಳು. ಹಿಂದಿನ ಬೀದಿಯಲ್ಲಿ ಇನ್ನೆರಡು ಮನೆಗೆ ನುಗ್ಗಿದ್ದಾರಂತೆ. "ಈ ಹೊರಗಿನ ಜನ ಬರೋಕ್ಕಿಂತ ಮುಂಚೆ ನಾವು ಬಾಗಿಲು ಹಾಕ್ಕೊಂಡಿದ್ವಾ, ಫ್ಲೋ?"

"ನಮ್ಮಜ್ಜಂದಿರು ಗಣಿ ಕೆಲಸಕ್ಕೆ ಬಂದಾಗಲೂ ಇಲ್ಲಿ ಮೊದಲೇ ಇದ್ದ ಐರಿಷರು ಹೀಗೇ ಅಂದಿದ್ರಂತೆ. ನೀನು ಲಟ್ಟಿಸು," ಅಂದೆ. ಸುತ್ತ ಇದ್ದವರು ನಕ್ಕರು.

ಆದರೆ ದಾರಿಯಲ್ಲಿ ಬರುತ್ತ ಒಂದು ಮಾತು ತಲೆಗೆ ಹೊಕ್ಕಿತು. ಅವತ್ತು ನಾನು ಮನೆಯಲ್ಲಿರುವುದಿಲ್ಲವೆಂದು ಅವರಿಗೆ ಹೇಗೆ ಗೊತ್ತು? ಗುರುವಾರ ಗುರುವಾರ ನಾನು ಹೋಗುವುದು ಯಾರಿಗೆಲ್ಲ ಗೊತ್ತು? ಚರ್ಚಿನವರಿಗೆ, ಯೂರ್ಕೊಗೆ. ಯನೇಲಿಸ್‌ಗೆ.

ಫೆಬ್ರುವರಿ 22, ಶನಿವಾರ

ಯನೇಲಿಸ್‌ಳ ಗಂಡ ರಾಮಿರೋನ ಕಡೆಯವರು ಯಾರೋ ಬಂದಿದ್ದರು. ನಾಲ್ಕು ಗಂಡಸರು. ಜಗುಲಿಯ ಮೇಲೆ ಜಾಕೆಟ್ ಹಾಕಿಕೊಂಡು ನಿಂತು ಜೋರಾಗಿ ನಗುತ್ತಿದ್ದರು. ಜಗುಲಿ ಎರಡು ಮನೆಗೂ ಒಂದೇ, ನಡುವೆ ಸೊಂಟದೆತ್ತರದ ಕಟಕಟೆ. ಅವರಲ್ಲೊಬ್ಬ ನನ್ನ ಕಿಟಕಿಯತ್ತ ನೋಡಿ ಕೈಯೆತ್ತಿದ. ನಾನು ಪರದೆಯ ಹಿಂದೆ ಇದ್ದೆ, ನನ್ನನ್ನು ಹೇಗೆ ನೋಡಿದ?

ರಾಮಿರೋ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವವನು, ಕಷ್ಟಗಾರ. ಹೋದ ವರ್ಷ ನನ್ನ ಮೆಟ್ಟಿಲ ಹಿಮವನ್ನೆಲ್ಲ ಅವನೇ ಎತ್ತಿದ್ದು. ಅವನ ಬಗ್ಗೆ ನಾನೇನೂ ಹೇಳುತ್ತಿಲ್ಲ. ಬಂದವರ ಬಗ್ಗೆ ಹೇಳುತ್ತಿದ್ದೇನೆ.

ಮುಂಬಾಗಿಲಿಗೆ ಒಂದು ಕುರ್ಚಿ ಒತ್ತುಕೊಟ್ಟೆ. ಎಮಿಲ್‌ನದೇ. ಅದನ್ನು ಹೇಗೂ ಯಾರೋ ಮುಟ್ಟಿಯಾಗಿದೆ.

ಮಾರ್ಚ್ 1, ಶನಿವಾರ

ಫೆಟ್ಜರ್ ಹೇಳದೆ ಬಿಟ್ಟದ್ದನ್ನು ಯೂರ್ಕೊ ಹೇಳಿದ. ದಪ್ಪ ಕೋಟು ಹಾಕಿದವನಿಗೆ ಹಗುರ ಗುಂಡು ಬಿದ್ದರೆ ಕುಳಿಯಲ್ಲಿ ಬಟ್ಟೆ ತುಂಬಿ ಅರಳುವುದೇ ಇಲ್ಲವಂತೆ. ಚಳಿಗಾಲದಲ್ಲಿ ಕೋಟು ಹಾಕದ ಕಳ್ಳ ಯಾರಿದ್ದಾನೆ? ಹಗುರದ ಮೂರನ್ನೂ ತೆಗೆದು ಅವನು ತಂದಿದ್ದ ಮ್ಯಾಗ್ನಂ ಹಾಕಿದೆ. ಮೊದಲೆರಡು ಚರೆ ಹೇಗೂ ಇದೆಯಲ್ಲ.

ಮಾರ್ಚ್ 6, ಗುರುವಾರ

ಪಿರೋಗಿಗೆ ಹೋಗಲಿಲ್ಲ. ಚರ್ಚಿನ ಉಪವಾಸದ ಕಾಲ, ಮಾಂಸ ಬಿಟ್ಟವರಿಂದ ಆರ್ಡರ್ ಜಾಸ್ತಿ, ಬೈದುಕೊಳ್ಳಲಿ. ಗುರುವಾರ ಮನೆ ಬಿಡುವವಳಲ್ಲ ನಾನು.

ಮಾರ್ಚ್ 14, ಶುಕ್ರವಾರ

ಏನೂ ಆಗಿಲ್ಲ. ಮೊದಲು ಅದನ್ನು ಬರೆಯುತ್ತೇನೆ. ಯಾರಿಗೂ ಏನೂ ಆಗಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಒಲೆಯ ಪಕ್ಕ ಕೂತಿದ್ದೆ. ಅಡುಗೆಮನೆಯ ಹಿಂಬಾಗಿಲಿನ ಹಿಡಿ ತಿರುಗಿತು. ನನ್ನ ಕಣ್ಣಾರೆ ಕಂಡೆ, ಒಂದು ಸಲ ತಿರುಗಿ ನಿಂತು ಮತ್ತೆ ತಿರುಗಿತು. ಎದ್ದು ಏಪ್ರನ್ನಿನಿಂದ ತೆಗೆಯುವಾಗ ಜೇಬಿನ ಅಂಚಿಗೆ ಸಿಕ್ಕಿತು, ಎಳೆದೆ. ಬೆರಳು ಎಲ್ಲಿತ್ತೋ ಗೊತ್ತಿಲ್ಲ. ಮನೆಯೇ ಒಡೆದ ಹಾಗೆ ಸದ್ದಾಯಿತು. ಕಿವಿ ಇನ್ನೂ ಗುಂಯ್‌ಗುಡುತ್ತಿದೆ.

ಬಾಗಿಲಾಚೆ ಯನೇಲಿಸ್ ಕೂಗುತ್ತಿದ್ದಳು. ತೆಗೆದರೆ ಮಗುವನ್ನು ಎದೆಗೆ ಅವಚಿಕೊಂಡು ಹಿಮದ ಮೇಲೆ ಕುಕ್ಕರಿಸಿದ್ದಾಳೆ. ಪಕ್ಕದಲ್ಲಿ ಬಟ್ಟಲು ಒಡೆದು ಬಿದ್ದಿದೆ. ಉಪವಾಸದ ಶುಕ್ರವಾರಗಳಲ್ಲಿ ಅವರು ಕಾಳು ಬೇಯಿಸಿ, ಹಾಲು, ಸಕ್ಕರೆ, ಚಕ್ಕೆ ಹಾಕಿ ಪಾಯಸ ಮಾಡಿ ನೆರೆಯವರಿಗೆಲ್ಲ ಹಂಚುತ್ತಾರೆ. ಹೋದ ವರ್ಷವೂ ತಂದುಕೊಟ್ಟಿದ್ದಳು.

"ಮುಂದೆ ಬಡಿದೆ, ಡೋನ್ಯಾ. ನೀವು ತೆಗೀಲಿಲ್ಲ. ಎರಡು ವಾರದಿಂದ ನಿಮ್ಮ ಮುಖಾನೇ ಕಂಡಿಲ್ಲ. ಬಿದ್ದುಗಿದ್ದು ಹೋಗಿದ್ದೀರೇನೋ ಅಂತ..."

ಆಮೇಲೆ ಅವಳ ದೃಷ್ಟಿ ನನ್ನ ಕೈಗೆ ಹೋಯಿತು. ಆಮೇಲೆ ನನ್ನ ಹಿಂದಿನ ಗೋಡೆಗೆ. ಹೊಗೆಗೂಡಿನ ಪಕ್ಕದಲ್ಲಿ, ಮಂಡಿಯೆತ್ತರದಲ್ಲಿ ತೂತಾಗಿತ್ತು. ಚರೆಯಲ್ಲ, ಒಂದೇ ತೂತು. ಅವಳು ಎದ್ದು ತನ್ನ ಮನೆಗೆ ಓಡಿದಳು. ಗೋಡೆಯಾಚೆಯಿಂದ ಅವಳ ಅಳು ನನಗೆ ಚೆನ್ನಾಗಿ ಕೇಳಿಸಿತು.

ತೊಟ್ಟಿಲಿನ ಕಂಬಿ ಮುರಿದಿದೆಯಂತೆ, ಹೊದಿಕೆಯ ತುಂಬ ಗಾರೆಯಂತೆ. ಸಂಜೆ ರಾಮಿರೋ ಬಂದು ಹೇಳಿದ. ಗೋದಾಮಿಗೆ ಹೊರಡುವ ಬಟ್ಟೆಯಲ್ಲಿದ್ದ, ಆದರೆ ಹೋಗಲಿಲ್ಲ. ಕೂಗಾಡಲೂ ಇಲ್ಲ. "ಪಾಯಸ ಕೊಡೋಕೆ ಅಂತ ಮಗೂನ ಎತ್ಕೊಂಡು ಬಂದಿದ್ಲು. ಇಲ್ಲಾಂದ್ರೆ ಆ ಹೊತ್ತಿಗೆ ಮಗು ಮಲಗಿರೋ ಟೈಮು, ಡೋನ್ಯಾ," ಅಂದ. ಪೊಲೀಸರಿಗೆ ಹೇಳುತ್ತೀಯಾ ಅಂತ ಕೇಳಿದೆ. ತಲೆಯಾಡಿಸಿ ಹೋದ. ಹೌದೆಂದೋ ಇಲ್ಲವೆಂದೋ ಗೊತ್ತಾಗಲಿಲ್ಲ.

ಆದರೆ ಮಗು ಅಲ್ಲಿರಲಿಲ್ಲ. ಇರಲಿಲ್ಲವಲ್ಲ. ಹಿಂಬಾಗಿಲಿಗೆ ಯಾಕೆ ಬರಬೇಕಿತ್ತು ಅವಳು?

ಮಾರ್ಚ್ 15, ಶನಿವಾರ

ಯೂರ್ಕೊ ಬಂದು ಉರುಳೆ ತೆಗೆದು ನೋಡಿ ಹಣೆ ಚಚ್ಚಿಕೊಂಡ.

"ನಂದು ಬಲಕ್ಕೆ ತಿರುಗುತ್ತೆ, ಎಡಗಡೇದು ಮೊದಲು ಬರುತ್ತೆ. ಎಮಿಲ್‌ದು ಎಡಕ್ಕೆ ತಿರುಗೋ ಜಾತಿ, ಫ್ಲೋ. ನಿನ್ನ ಚರೆ ಕೊನೇಲಿ ಬರ್ತಿತ್ತು. ಮ್ಯಾಗ್ನಮ್ಮೇ ಮೊದಲು."

"ನಲವತ್ತು ವರ್ಷ ಅಣ್ಣನ ಜೊತೆ ಬೇಟೆಗೆ ಹೋಗಿದ್ದೀಯ, ಗೊತ್ತಾಗ್ಲಿಲ್ವಾ?"

"ಬೇಟೇಲಿ ರಿವಾಲ್ವರ್ ಯಾರು ತೆಗೀತಾರೆ?"

ಚರೆಯನ್ನು ಬಲಕ್ಕೆ ಬದಲಾಯಿಸಿ ಕೊಟ್ಟ. ಹಾಗಾದರೆ ತಪ್ಪು ಅಷ್ಟೇ, ಎಡಬಲದ್ದು. ನನ್ನದೇನೂ ಅಲ್ಲ. ತೂತಿಗೆ ಗಾರೆ ಮೆತ್ತಿ ಬಣ್ಣ ಬಳಿದೆವು. ನಮ್ಮ ಕಡೆ ಈಗ ಗೊತ್ತೇ ಆಗುವುದಿಲ್ಲ.

ಮಾರ್ಚ್ 18, ಮಂಗಳವಾರ

ಎಷ್ಟು ದಿನ ಮುಖ ಮುಚ್ಚಿಕೊಂಡಿರುವುದು? ಒಂದು ತಟ್ಟೆ ಪಿರೋಗಿಗೆ ಬೆಣ್ಣೆ ಈರುಳ್ಳಿ ಹಾಕಿಕೊಂಡು ಪಕ್ಕದ ಮನೆಗೆ ಹೋದೆ. ಯನೇಲಿಸ್ ತಟ್ಟೆ ತೆಗೆದುಕೊಂಡು ಮೇಜಿನ ಮೇಲಿಟ್ಟಳು, ಮುಚ್ಚಳ ತೆಗೆಯಲಿಲ್ಲ. ಕೂಸು ನನ್ನನ್ನು ಕಂಡು ಕೈ ಚಾಚಿತು. ಅವಳು ಅದನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. ನನಗೆ ಅದರಿಂದ ತುಂಬ ನೋವಾಯಿತು.

"ನೋಡಮ್ಮ, ತೊಟ್ಟಿಲನ್ನ ಆ ಕಡೆ ಗೋಡೆಗೆ ಸರಿಸಿಬಿಡು. ಆಗ ನಿನಗೂ ನೆಮ್ಮದಿ, ನನಗೂ ನೆಮ್ಮದಿ," ಅಂದೆ.

"ಆ ಕಡೆ ಗೋಡೆಗೆ ಗಾಳಿ ಹೊಡಿಯುತ್ತೆ, ಡೋನ್ಯಾ. ಐಸ್ ಥರ ಇರುತ್ತೆ. ಇಲ್ಲಿಡು, ಬೆಚ್ಚಗಿರುತ್ತೆ ಅಂತ ನೀವೇ ಹೇಳಿದ್ರಿ."

"ಹೇಳಿದ್ದೆ. ಆಗಿನ ಕಾಲ ಬೇರೆ."

"ಯಾವ ಕಾಲ? ಅಕ್ಟೋಬರಲ್ಲಿ ಹೇಳಿದ್ದು." ಕೂಸಿನ ತಲೆ ಸವರಿದಳು. "ಆ ರಿವಾಲ್ವರನ್ನ ನಿಮ್ಮ ಮೈದುನನಿಗೆ ಕೊಟ್ಬಿಡಿ. ನಾವು ಪಕ್ಕದಲ್ಲೇ ಇದ್ದೀವಲ್ಲ. ಒಂದು ಸಲ ಗೋಡೆ ತಟ್ಟಿದ್ರೆ ಸಾಕು, ಓಡಿ ಬರ್ತೀನಿ."

"ಅವತ್ತು ಕುರ್ಚಿ ಎಳೆದ ಸದ್ದು ಕೇಳಿಸ್ಕೊಂಡೂ ಸುಮ್ನೆ ಕೂತಿದ್ಯಲ್ಲ, ಹಾಗೆ ಬರ್ತೀಯಾ?"

ಅವಳು ಎದ್ದು ಬಾಗಿಲು ತೆಗೆದು ಹಿಡಿದಳು. ನಾನು ನಿಜವನ್ನೇ ಹೇಳಿದ್ದು. ನಿಜ ಹೇಳಿದರೆ ಈಗಿನವರಿಗೆ ಸಹಿಸಲಾಗುವುದಿಲ್ಲ. ತಟ್ಟೆಯೂ ಅಲ್ಲೇ ಉಳಿಯಿತು.

ಮಾರ್ಚ್ 20, ಗುರುವಾರ

ಆಚೆ ಏನೋ ಎಳೆಯುತ್ತಿದ್ದರು. ತೊಟ್ಟಿಲು ಸರಿಸುತ್ತಿದ್ದಾರೆ ಅಂದುಕೊಂಡು ಸಮಾಧಾನಪಟ್ಟೆ.

ಮಾರ್ಚ್ 29, ಶನಿವಾರ

ಲಾರಿ ಬಂತು. ತೊಟ್ಟಿಲು ಮೊದಲು ಹೋಯಿತು. ಅವತ್ತು ನಗುತ್ತಿದ್ದ ಅದೇ ಗಂಡಸರು ಸಾಮಾನು ಹೊತ್ತರು. ಅವರಲ್ಲಿ ನನಗೆ ಕೈಯೆತ್ತಿದವನು ವಯಸ್ಸಾದವನು, ಕುಂಟುತ್ತಾನೆ. ಮೆಟ್ಟಿಲಿಳಿಯುವಾಗ ಕಟಕಟೆ ಹಿಡಿದುಕೊಂಡು ಉಸಿರು ತೆಗೆದುಕೊಳ್ಳುತ್ತಿದ್ದ.

ಯನೇಲಿಸ್ ಕೊನೆಯಲ್ಲಿ ಬಂದು ನನ್ನ ಬಾಗಿಲ ಮುಂದೆ ನಿಂತಳು. ನಾನು ಪರದೆಯ ಹಿಂದೆ ಇದ್ದೆ. ತೊಳೆದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು, ಬಡಿಯಲೆಂದು ಕೈಯೆತ್ತಿ, ಬಡಿಯದೆ ಹೋದಳು. ಬಾಗಿಲು ತೆಗೆಯಬೇಕೆಂದೇ ಇದ್ದೆ. ಕುರ್ಚಿ ಒತ್ತುಕೊಟ್ಟಿದ್ದೆನಲ್ಲ, ಅದನ್ನು ಸರಿಸುವಷ್ಟರಲ್ಲಿ ಲಾರಿ ಹೊರಟಿತ್ತು.

ಏಪ್ರಿಲ್ 5, ಶನಿವಾರ

ಯೂರ್ಕೊ ಖಾಲಿ ಮನೆಯ ಕಿಟಕಿಯಲ್ಲಿ ಇಣುಕಿ ಬಂದ. "ಇನ್ನು ನಿನಗೆ ಆ ತಾಪತ್ರಯ ಇಲ್ಲ ಬಿಡು. ಚರೆ ಯಾಕೆ, ಎಲ್ಲಾ ಮ್ಯಾಗ್ನಮ್ಮೇ ಹಾಕು."

ಹಾಕಿದೆ. ಉರುಳೆಯಲ್ಲಿ ಖಾಲಿ ಬಿಡುತ್ತಿದ್ದ ಮನೆಗೂ ಒಂದು ಹಾಕಿದೆ. ಚಳಿಗಾಲದಿಂದ ತಲೆ ತಿನ್ನುತ್ತಿದ್ದ ಲೆಕ್ಕ ಕೊನೆಗೂ ಮುಗಿಯಿತು. ಯಾವ ಗುಂಡು, ಯಾವ ಮೂತಿ, ಎಡವೋ ಬಲವೋ, ಒಂದೂ ಇಲ್ಲ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಒಲೆ ಎಷ್ಟು ಉರಿಸಿದರೂ ಮನೆ ಬಿಸಿಯಾಗುತ್ತಿಲ್ಲ. ಆಚೆ ಜನ ಇಲ್ಲದಿದ್ದರೆ ಗೋಡೆ ತಣ್ಣಗಾಗುತ್ತದೆ ಅಂತ ಎಮಿಲ್ ಹೇಳುತ್ತಿದ್ದ.

ಏಪ್ರಿಲ್ 16, ಬುಧವಾರ

ಬೆಳಿಗ್ಗೆ ಹನ್ನೊಂದಕ್ಕೆ ಆಚೆ ಬಾಗಿಲು ತೆಗೆದ ಸದ್ದು. ಮನೆ ಮಾಲೀಕ ಬಾಡಿಗೆಯವರಿಗೆ ತೋರಿಸಲು ಬರುತ್ತೇನೆಂದು ಹೇಳಿದ್ದ, ಆದರೆ ಯಾವತ್ತು ಅಂತ ಹೇಳಿರಲಿಲ್ಲ. ಗಂಡಸಿನ ದನಿ. ಇನ್ನೊಂದು ದನಿ, ಹೆಂಗಸಿನದಿರಬಹುದು. ಯಾವ ಭಾಷೆಯೋ ತಿಳಿಯುತ್ತಿಲ್ಲ. ಕಿಟಕಿಯಿಂದ ನೋಡೋಣವೆಂದರೆ ಗೋಡೆಗೆ ಬೆನ್ನು ಕೊಡಬೇಕಾಗುತ್ತದೆ.

ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಿದ್ದೇನೆ. ರಿವಾಲ್ವರನ್ನು ತೊಡೆಯ ಮೇಲೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಈಗ ಯಾರೋ ಈ ಗೋಡೆಯ ಪಕ್ಕವೇ ಆ ಕಡೆಯಿಂದ ಈ ಕಡೆಗೆ ಓಡುತ್ತಿದ್ದಾರೆ. ಹೆಜ್ಜೆ ತೀರ ಸಣ್ಣದು, ಹಗುರ, ಪುಟಪುಟನೆ.

ಮಗುವೇ ಅಂತ ಹೇಳಲಾಗದು. ಕಳ್ಳರೂ ಹಗುರವಾಗಿಯೇ ಹೆಜ್ಜೆಯಿಡುತ್ತಾರೆ.